ಅರವತ್ತೊಂದನೆಯ ಕೈ

ಮಲ್ಲೇಶ್ವರಿ ಟಿಪ್ಪುಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ಬೆರಳಿನ ಅರ್ಧದಷ್ಟು ಉದ್ದದ ಹಳದಿ ಪ್ಲಾಸ್ಟಿಕ್ ಕೊಳವೆಗಳು. ಪಿಪೆಟ್ಟಿನ ಮೂತಿಗೆ ಸಿಕ್ಕಿಸಿಕೊಂಡು ಹನಿಯಷ್ಟು ದ್ರವ ಎತ್ತಲು ಬೇಕಾಗುವಂಥವು. ಡಬ್ಬಿಗೆ ತೊಂಬತ್ತಾರು ತೂತು. ಚೀಲದಿಂದ ಒಂದೊಂದನ್ನೇ ತೆಗೆದು ಚೂಪು ತುದಿ ಕೆಳಗಾಗುವಂತೆ ಹಿಡಿದು ಇಳಿಬಿಡುವುದು, ಮತ್ತೆ ಒಂದು, ಮತ್ತೆ ಒಂದು. ಇದಕ್ಕೆ ಎಮ್ಮೆಸ್ಸಿ ಓದಬೇಕಾಗಿರಲಿಲ್ಲ, ಸಂಶೋಧನೆಗೆಂದು ನಾಲ್ಕು ವರ್ಷ ಸವೆಸಬೇಕಾಗಿಯೂ ಇರಲಿಲ್ಲ. ಆದರೂ ಬೆಳಗಿನ ಈ ಕೆಲಸವನ್ನು ಅವಳು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಟಿಪ್ಪು ತುಂಬುವವಳನ್ನು ಯಾರೂ ಮಾತಾಡಿಸುವುದಿಲ್ಲ, ಎಣಿಸುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ಯಾದಗಿರಿಯ ದವಾಖಾನೆಯವರು ವಿಶ್ವವಿದ್ಯಾಲಯಕ್ಕೆಂದು ಬಿಟ್ಟುಕೊಟ್ಟಿದ್ದ ಈ ಹಿಂಭಾಗದ ಕೋಣೆಯಲ್ಲಿ ಮೊದಲು ಮುರಿದ ಮಂಚಗಳನ್ನು ಪೇರಿಸಿಡುತ್ತಿದ್ದರಂತೆ. ಗೋಡೆಯ ಮೇಲೆ ಮಂಚದ ಕಾಲುಗಳು ಕೆರೆದ ಗೆರೆಗಳು ಇನ್ನೂ ಇದ್ದವು. ಮೂಲೆಯಲ್ಲಿ ಫ್ರೀಜರು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಎದುರಿನ ಮೇಜಿನಲ್ಲಿ ಫಿರೋಜ್ ಲೇಬಲ್ ಕತ್ತರಿಸುತ್ತಿದ್ದ. ಬಸುರಿಯರ ಮನೆಗಳಿಗೆ ಹೋಗಿ ರಕ್ತ ತೆಗೆಯುವುದು ಅವನ ಕೆಲಸ. ಆ ರಕ್ತದಲ್ಲಿ ಹಿಮೋಗ್ಲೋಬಿನ್ ಎಷ್ಟಿದೆ, ಕಬ್ಬಿಣದ ಇಂಜೆಕ್ಷನ್ ಕೊಟ್ಟ ಮೇಲೆ ಎಷ್ಟು ಏರಿತು ಎಂದು ನೋಡುವುದು ಅವಳದು.

"ನಿನ್ನಿ ಸುರಪುರಕ್ಕ ಹೋಗಿದ್ನಿರಿ ಮ್ಯಾಡಮ್," ಎಂದ ಫಿರೋಜ್, ಕತ್ತರಿಯಿಂದ ಕಣ್ಣು ತೆಗೆಯದೆ. "ನಮ್ಮ ಓಣಿಯ ಗಾದಿ ಹೊಲಿಯೂ ನಸೀರುದ್ದೀನ ಚಾಚಾ ಸಿಕ್ಕಿದ್ರು. ನಿಮ್ಮನ್ನ ಬಾಳ ನೆನಸಿದ್ರು. ಸೊಸಿ ರಕ್ತ ಹನ್ನೆರಡಕ್ಕ ಏರ್ಯದಂತ ಓಣಿ ತುಂಬಾ ಪೇಢೆ ಹಂಚ್ಯಾರ."

"ಯಾವ ಮನಿ?" ಎಂದಳು ಮಲ್ಲೇಶ್ವರಿ. ಗೊತ್ತಿದ್ದೂ ಕೇಳಿದಳು.

"ಅರವತ್ತೊಂದು ರೀ. ಉಮೆಸಲ್ಮಾ. ಇನ್ನ ಯಾದಗಿರಿ ದವಾಖಾನಿ ಬ್ಯಾಡಂತ. ರಕ್ತದ ಬಾಟಲಿ ತಯಾರ ಇಟಗೊಂಡು ದವಾಖಾನ್ಯಾಗೇ ಹಡೀಬೇಕಂತ ಡಾಕ್ಟರ್ ಬರ್ದು ಕೊಟ್ಟಿದ್ರಲ್ಲ, ಆ ಚೀಟಿ ತಗದು ಒಗದಾರ. ಹಡಸಾಕ ಮನಿಗೇ ದಾಯಿ ಬರ್ತಾಳಂತ. ದಿನ ತುಂಬ್ಯಾವ. ಇವತ್ತೋ ನಾಳಿಯೋ."

ಅವಳ ಕೈಯಲ್ಲಿದ್ದ ಟಿಪ್ಪು ತೂತಿಗೆ ಇಳಿಯದೆ ಅಂಚಿಗೆ ತಾಕಿ ನೆಲಕ್ಕೆ ಬಿತ್ತು. ಬಿದ್ದದ್ದನ್ನು ಮತ್ತೆ ಡಬ್ಬಿಗೆ ಹಾಕುವಂತಿಲ್ಲ. ಎತ್ತಿ ಬುಟ್ಟಿಗೆ ಎಸೆದಳು. ಎಪ್ಪತ್ತೆರಡೋ ಎಪ್ಪತ್ತಮೂರೋ, ಎಣಿಕೆ ತಪ್ಪಿತ್ತು.

ಕೈ. ಹದಿನೈದು ದಿನಗಳಿಂದ ಅವಳು ಟೀ ಕುಡಿಯುವಾಗಲೂ ಆ ಕೈ ಕಾಣುತ್ತಿತ್ತು. ಎರಡನೇ ಸಲ ರಕ್ತ ತರಲು ಉಮೆಸಲ್ಮಾಳ ಮನೆಗೆ ಹೋದ ದಿನ ಹಸಿರು ಪರದೆಯ ಅಂಚಿನಿಂದ ಮೊದಲು ಬೆರಳುಗಳು ಬಂದವು, ಆಮೇಲೆ ಮಣಿಕಟ್ಟು, ಆಮೇಲೆ ಮೊಣಕೈಯವರೆಗೆ ಸರಿಸಿದ ತೋಳು. ಆ ಓಣಿಯ ಐದಾರು ಮನೆಗಳಲ್ಲಿ ಹಾಗೆಯೇ. ಫಿರೋಜ್ ಅಲ್ಲೇ ಆಡಿ ಬೆಳೆದವನಾದರೂ ಈಗ ಮೀಸೆ ಬಂದ ಗಂಡಸು, ಸೊಸೆಯಂದಿರು ಅವನೆದುರು ಬರುವುದಿಲ್ಲ, ಕೈ ಮಾತ್ರ ಹೊರಗೆ ಬರುತ್ತದೆ. ಮಲ್ಲೇಶ್ವರಿ ಸ್ಟೂಲಿನ ಮೇಲೆ ಮೊಣಕಾಲ ಮೇಲೆ ಕಾರ್ಡಿಟ್ಟುಕೊಂಡು ಕೂತಿದ್ದಳು. ಕೈಗೂ ಅವಳಿಗೂ ನಡುವೆ ಎರಡು ಗೇಣೂ ಇರಲಿಲ್ಲ. ಮಣಿಕಟ್ಟಿನ ಒಳಮಗ್ಗುಲಿಗೆ ರೊಟ್ಟಿಹಂಚು ತಾಗಿ ಸುಟ್ಟ ಕಲೆ, ಉಗುರು ಕತ್ತರಿಸಿ ಇಟ್ಟಂತೆ ಬಾಗಿದ್ದು. ಆ ಕಲೆಯನ್ನು ಅವಳು ಅರ್ಧ ಗಂಟೆಯ ಹಿಂದೆ ನೋಡಿದ್ದಳು, ಟೀ ಬಟ್ಟಲು ಚಾಚಿದ ಕೈಯಲ್ಲಿ, ಉಮೆಸಲ್ಮಾಳ ಅತ್ತೆ ಶರೀಫಾಬೀಯ ಕೈಯಲ್ಲಿ. ಚರ್ಮ ಸಡಿಲಾಗಿತ್ತು. ಹಸಿರು ನರ ಹಗ್ಗದಂತೆ ಉಬ್ಬಿ ನಿಂತಿತ್ತು. ಇಪ್ಪತ್ತೆರಡು ವರ್ಷದ ಹುಡುಗಿಯ ಕೈ ಅಲ್ಲ ಎಂದು ತಿಳಿಯಲು ಯಾವ ಯಂತ್ರವೂ ಬೇಕಾಗಿರಲಿಲ್ಲ. ಫಿರೋಜ್ ರಬ್ಬರ್ ಪಟ್ಟಿ ಕಟ್ಟಿದ, ಒಂದೇ ಏಟಿಗೆ ಸೂಜಿ ಇಳಿಸಿದ, ಟ್ಯೂಬು ಕಡುಗೆಂಪಾಗಿ ತುಂಬಿತು. ಅವಳು ಬಾಯಿ ತೆರೆದಳು. ಅಂದೇ ಬೆಳಿಗ್ಗೆ ಅವಳ ಗೈಡ್ ಮಹೇಶಕುಮಾರ ಸರ್ ಎಲ್ಲರೆದುರು ಹೇಳಿದ್ದರು: ಅಷ್ಟು ಮನಿ ತಿರುಗಿ ಎರಡೂ ಸಲದ ರಕ್ತ ಸಿಕ್ಕ ಮೂವತ್ತೊಂಬತ್ತೇ ಜೋಡಿ ಇಟಗೊಂಡು ಎಲ್ಲಿ ಮುಖ ತೋರಸ್ತಿ, ನಲವತ್ತು ಮಾಡು, ಹೆಣ್ಣಮಕ್ಕಳ ಮನಿಗಿ ಹೋಗಿ ಎರಡನೇ ಸಲ ಒಂದು ಟ್ಯೂಬು ರಕ್ತ ತರಾಕ ಆಗಂಗಿಲ್ಲ ಅಂದ್ರ ನೀ ಹೆಣ್ಣಾಗಿ ಏನು ಉಪಯೋಗ. ತೆರೆದ ಬಾಯಿ ಹಾಗೇ ಮುಚ್ಚಿತು. ಫಿರೋಜ್ ಕೊಟ್ಟ ಟ್ಯೂಬಿನ ಮೇಲೆ ಅವಳೇ ತನ್ನ ಕೈಯಾರೆ ಬರೆದಳು: ಅರವತ್ತೊಂದು, ಎರಡು. ಎರಡು ದಿನ ಬಿಟ್ಟು ಮನೆಯವರಿಗೆ ಕೊಡುವ ಕೆಂಪು ಅಂಚಿನ ಕಾರ್ಡಿನ ಮೇಲೂ ಅವಳೇ ಬರೆದಳು. ಮೊದಲ ಸಲ ಏಳು ಪಾಯಿಂಟ್ ಒಂದು. ಎರಡನೇ ಸಲ ಹನ್ನೆರಡು ಪಾಯಿಂಟ್ ನಾಲ್ಕು. ಅವಳ ಅಕ್ಷರ ಚೆಂದ, ಶಾಲೆಯಲ್ಲಿ ಫಲಕದ ಮೇಲೆ ಸುವಿಚಾರ ಬರೆಯಲು ಅವಳನ್ನೇ ಕರೆಯುತ್ತಿದ್ದರು.

ಆದರೆ ಹಾಗೆ ನೋಡಿದರೆ ಆ ಕೈ ಹೊರಗೆ ಬರುವಂತೆ ಮಾಡಿದ್ದೂ ಅವಳೇ. ಮೂರು ತಿಂಗಳ ಹಿಂದೆ ಮೊದಲ ಸಲ ಹೋದಾಗ, ನಾನು ಹೆಣ್ಣು, ಒಳಗೆ ಹೋಗಿ ನಾನೇ ತೆಗೆಯುತ್ತೇನೆ ಎಂದಿದ್ದಳು. ಟ್ಯೂಬಿನೊಳಗಿನ ರಕ್ತದ ಜೊತೆ ಒಗ್ಗಿದ ಕೈ ಅದು, ಮೈಯೊಳಗಿನ ರಕ್ತ ಹುಡುಕಲು ಬರುತ್ತಿರಲಿಲ್ಲ. ಒಂದು ಸಲ ಚುಚ್ಚಿದಳು, ಸಿಗಲಿಲ್ಲ. ಎರಡನೇ ಸಲ ಸೂಜಿ ಒಳಗೇ ಇಟ್ಟುಕೊಂಡು ಆ ಕಡೆ ಈ ಕಡೆ ತಿರುಗಿಸಿದಳು. ಹುಡುಗಿಯ ಹಣೆಯ ಮೇಲೆ ಬೆವರು ಮೂಡಿತು, ಆದರೆ ಕೈ ಹಿಂದೆಗೆಯಲಿಲ್ಲ. "ಇರಲಿ ಬಿಡ್ರಿ ಅಕ್ಕಾ, ಇನ್ನೊಂದ್ಸಲ ನೋಡ್ರಿ," ಎಂದಿತು. ಬೇರೆಲ್ಲರೂ ಮ್ಯಾಡಮ್ ಎನ್ನುವಲ್ಲಿ ಅದೊಂದೇ ಅಕ್ಕಾ ಎಂದದ್ದು. ಮೂರನೆಯದೂ ತಪ್ಪಿತು. ತೋಳು ನೇರಳೆ ಹಣ್ಣು ಜಜ್ಜಿದಂತೆ ಕಪ್ಪಗಾಗಿ ಊದಿಕೊಂಡಿತು. ಕೊನೆಗೆ ಇನ್ನೊಂದು ಕೈಯನ್ನು ಪರದೆಯಾಚೆ ಚಾಚಿಸಿ ಫಿರೋಜನೇ ತೆಗೆಯಬೇಕಾಯಿತು. ಹೊರಡುವಾಗ ಶರೀಫಾಬೀ ಬಾಗಿಲಲ್ಲಿ ನಿಂತು, ನಗುತ್ತಲೇ, "ರಕ್ತ ಇಲ್ಲ ಅಂತೀರಿ, ಇದ್ದದ್ದನ್ನೂ ತಗೊಂಡು ಹೊಂಟೀರಿ," ಎಂದಿದ್ದಳು. ಆ ನಗು ಜೀಪಿನಲ್ಲಿ ಶಹಾಪುರದವರೆಗೂ ಅವಳ ಬೆನ್ನ ಮೇಲೆ ಕೂತು ಬಂದಿತ್ತು.

"ಫಿರೋಜ್, ನಿಮ್ಮ ರಕ್ತ ಯಾವ ಗುಂಪು?"

"ಎ ಪಾಸಿಟಿವ್ ರೀ. ಯಾಕ್ರಿ, ಕನ್ಯಾ ಗಿನ್ಯಾ ನೋಡೀರೇನು ನನಗ?"

"ನಂದು ಬಿ. ಒಂದೀಟು ರಕ್ತ ಕೊಡ್ರಿ ಇಲ್ಲೆ."

ಅವನು ನಗುತ್ತ ತೋಳು ಮಡಚಿದ, ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. ಅವಳು ಫ್ರೀಜರಿನಿಂದ ಅರವತ್ತೊಂದರ ಎರಡೂ ಶೀಶೆಗಳನ್ನು ತೆಗೆದಳು. ಒಳಗಿದ್ದದ್ದು ರಕ್ತದ ಮೇಲೆ ನಿಲ್ಲುವ ಹಳದಿ ತಿಳಿ. ಒಬ್ಬಳದೇ ತಿಳಿಯಾದರೆ ಎರಡೂ ಒಂದೇ ರೀತಿ ನಡೆದುಕೊಳ್ಳಬೇಕು. ಫಿರೋಜನ ರಕ್ತಕಣ, ತನ್ನ ರಕ್ತಕಣ ಎರಡನ್ನೂ ಉಪ್ಪುನೀರಿನಲ್ಲಿ ತೊಳೆದು ಬಿಳಿ ಪಿಂಗಾಣಿ ಹೆಂಚಿನ ಮೇಲೆ ನಾಲ್ಕು ಹನಿ ಇಟ್ಟಳು. ಮೊದಲ ಶೀಶೆಯ ತಿಳಿ ತಾಗಿದಾಗ ಫಿರೋಜನ ಹನಿ ಮಾತ್ರ ಒಡೆದ ಹಾಲಿನಂತೆ ಕಾಳುಕಾಳಾಯಿತು, ಅವಳದು ಹಾಗೇ ಉಳಿಯಿತು. ಎರಡನೇ ಶೀಶೆಯದು ತಾಗಿದಾಗ ಎರಡೂ ಒಡೆದವು. ಎರಡು ಬೇರೆ ಗುಂಪು, ಇಬ್ಬರು ಹೆಂಗಸರು. ಹೆಂಚನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ವಾಲಿಸುತ್ತ ನಿಂತಾಗ ಅವಳಿಗೆ ಎದೆ ಹಗುರಾದಂತೆನಿಸಿತು, ಮರುಗಳಿಗೆ ಆ ಹಗುರಕ್ಕೆ ನಾಚಿಕೆಯಾಯಿತು. ಇನ್ನು ಪರೀಕ್ಷೆಯಲ್ಲಿ ಗೊತ್ತಾಯಿತು ಎಂದು ಹೇಳಬಹುದು. ಕಣ್ಣಾರೆ ನೋಡಿದ್ದೆ ಎಂದು ಹೇಳಬೇಕಾಗಿಲ್ಲ. ಇಷ್ಟು ಹೊತ್ತು ಅವಳು ಹುಡುಕುತ್ತಿದ್ದದ್ದು ಅದನ್ನೇ.

ಫಿರೋಜ್ ಹೆಂಚು ನೋಡಿದ, ಅವಳನ್ನು ನೋಡಿದ. "ನಂಗೇನ್ ಗೊತ್ತಾಗಬೇಕ್ರಿ," ಎಂದ, ಯಾರೂ ಕೇಳದಿದ್ದರೂ. "ಪರದೆದಾಗಿಂದ ಬಂದ ಕೈ. ನಾ ನರ ನೋಡ್ತೀನಿ, ಕೈ ನೋಡಂಗಿಲ್ಲ."

"ನಡೀರಿ, ಈಗಿಂದೀಗ ಹೋಗೋಣು."

"ನಾ ಬರಂಗಿಲ್ರಿ ಮ್ಯಾಡಮ್. ನಮ್ಮ ಓಣಿ ಅದು. ನಾಳಿ ನಮ್ಮಮ್ಮ ಅಲ್ಲಿ ನೀರು ತರಾಕ ಹೋಗ್ಬೇಕು. ನೀವು ಹೋಗಿ ಬರ್ತೀರಿ, ಬಸ್ ಹತ್ತತೀರಿ." ಅವನು ಅಲಮಾರಿಯಿಂದ ಅಂಗೈಯಗಲದ ಸಣ್ಣ ಯಂತ್ರ ತೆಗೆದು ಅವಳ ಮುಂದಿಟ್ಟ. "ಇದನ್ನ ಒಯ್ರಿ. ನರ ಹುಡಕೂದು ಬ್ಯಾಡ. ಬೆರಳಿಗಿ ಚುಚ್ಚಿದ್ರ ಸಾಕು, ಒಂದ ಹನಿ. ಅಲ್ಲೇ ತೋರಸ್ತದ."

ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟು ಸಿಕ್ಕಿತು. ಮಡಿಲಲ್ಲಿ ಆ ಯಂತ್ರವಿದ್ದ ಬಿಳಿ ಪೆಟ್ಟಿಗೆ. ಭೀಮಾ ಸೇತುವೆ ದಾಟುವಾಗ ಮಹೇಶಕುಮಾರ ಸರ್‌ಗೆ ಒಂದು ಸಾಲು ಬರೆದು ಕಳಿಸಿದಳು: ಸರ್, ಅರವತ್ತೊಂದನ್ನು ತೆಗೆಯಬೇಕಾಗಿದೆ. ಕಳಿಸಿದ ಮೇಲೆ ಫೋನನ್ನು ಬೋರಲಾಗಿ ಇಟ್ಟಳು, ಅದು ನೀರಿಗೆ ಬಿದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಪಕ್ಕದಲ್ಲಿ ಕೂತ ಮುದುಕಿ ಪೆಟ್ಟಿಗೆಯ ಮೇಲಿನ ಕೆಂಪು ಗುರುತನ್ನು ಬೆರಳಿಂದ ಮುಟ್ಟಿ, "ಡಾಕ್ಟರೇನವ್ವಾ?" ಎಂದಳು. "ಆ ಡಾಕ್ಟರ್ ಅಲ್ಲಮ್ಮಾ, ನಾ ಬ್ಯಾರೆ." "ಬ್ಯಾರೆ ಅಂದ್ರ? ದನದ ಡಾಕ್ಟರೇನು?" ಹಿಂದಿನ ಸೀಟಿನವರು ನಕ್ಕರು. ಅವಳ ಊರು ಬಳಿಚಕ್ರದಲ್ಲಿ ಅವಳಪ್ಪ ಸೂಗಪ್ಪ ಕಟ್ಟೆಯ ಮೇಲೆ ಕೂತವರಿಗೆಲ್ಲ ನನ್ನ ಮಗಳು ಡಾಕ್ಟರಾಗಾಕತ್ಯಾಳ ಎಂದು ಹೇಳಿಟ್ಟಿದ್ದ. ಊರಿಗೆ ಹೋದಾಗ ಒಬ್ಬರು ಮೊಣಕಾಲು ತೋರಿಸುತ್ತಿದ್ದರು, ಒಬ್ಬರು ನಾಲಗೆ ಚಾಚುತ್ತಿದ್ದರು, ಅವಳು ನಾಚಿ ಒಳಗೆ ಹೋದರೆ ದೊಡ್ಡವಳಾಗ್ಯಾಳ, ನಮ್ಮಂಥವರನ್ನ ಮುಟ್ಟಂಗಿಲ್ಲ ಎನ್ನುತ್ತಿದ್ದರು. ಮುಟ್ಟಿದರೆ ಏನಾಗುತ್ತದೆ ಎಂದು ಉಮೆಸಲ್ಮಾಳ ತೋಳಿಗೆ ಗೊತ್ತು. ಕಿಟಕಿಯಾಚೆ ಹತ್ತಿಯ ಹೊಲಗಳು ಒಡೆದು ಬೆಳ್ಳಗೆ ಕಾಣುತ್ತಿದ್ದವು. ಒಬ್ಬ ಹೆಂಗಸು ಬಾಗಿ ಹತ್ತಿ ಬಿಡಿಸುತ್ತಿದ್ದವಳು ಬಸ್ಸಿನ ಸದ್ದಿಗೆ ತಲೆಯೆತ್ತಿ ನೋಡಿದಳು. ಅವಳ ಕೈ ಮಾತ್ರ ನಿಲ್ಲಲಿಲ್ಲ. ಎಲ್ಲಿ ನೋಡಿದರೂ ಕೈಗಳೇ. ಕಂಬಿ ಹಿಡಿದ ಕೈ, ಟಿಕೆಟ್ ಹರಿಯುವ ಕೈ. ಮಲಗಿದ ಮನುಷ್ಯನಂತೆ ಕಾಣುವ ಶಹಾಪುರದ ಗುಡ್ಡ ಬಂತು, ಬಸ್ಸು ನಿಂತಿತು, ಫೋನು ಅಲುಗಿತು.

"ಏನಿದು ಅರವತ್ತೊಂದು ತೆಗೀಬೇಕು ಅಂದ್ರ?" ಸರ್ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅವಳಿಗೆ ಹೆಚ್ಚು ಭಯವಾಯಿತು. "ಅಲ್ಲವಾ, ಇಡೀ ಗ್ರಾಫಿನ್ಯಾಗ ಅದೊಂದ ಬಿಂದು ಎದ್ದು ನಿಂತದ. ಏಳರಿಂದ ಹನ್ನೆರಡು! ನಾ ನಿನ್ನಿ ಎಲ್ಲಾರಿಗೂ ತೋರ್ಸೀನಿ."

"ಎರಡೂ ಒಬ್ಬರ ರಕ್ತ ಅಲ್ರಿ ಸರ್. ಗುಂಪು ನೋಡಿದೆ. ಬ್ಯಾರೆ ಬ್ಯಾರೆ ಬಂತು."

"ಗುಂಪು ನೋಡು ಅಂತ ನಿನಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ."

"ಮತ್ತ ಯಾಕ ನೋಡಿದಿ? ನಲವತ್ತರಾಗ ಅದನ್ನ ಒಂದನ್ನ ಯಾಕ ನೋಡಿದಿ?" ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ಎರಡನೇ ಸಲ ತೆಗೀವಾಗ ನೀ ಅಲ್ಲೇ ಇದ್ದೆಲ್ಲ ಮಲ್ಲೇಶ್ವರಿ?"

"ಸರ್, ಬಸ್ಸಿನ್ಯಾಗ ಕೇಳಸವಲ್ದು," ಎಂದಳು. ಬಸ್ಸು ನಿಂತೇ ಇತ್ತು. ಇಂಜಿನ್ನೂ ಆರಿತ್ತು. ಪಕ್ಕದ ಮುದುಕಿ ಅವಳನ್ನೇ ನೋಡುತ್ತಿದ್ದಳು. ಕಂಡಕ್ಟರ್ ಕೆಳಗೆ ನಿಂತು ಚಹಾ ಹೀರುತ್ತ ಸುರಪುರ, ಸುರಪುರ ಎಂದು ಕೂಗುತ್ತಿದ್ದ.

ನಸೀರುದ್ದೀನನ ಮನೆಯ ಮುಂದಿನ ಕೋಣೆಯೇ ಅಂಗಡಿ. ಹಿಂಜಿದ ಹತ್ತಿ ಮೂಲೆಯಲ್ಲಿ ರಾಶಿ ಬಿದ್ದಿತ್ತು, ಅದರ ನುಸಿಯಂಥ ಎಳೆಗಳು ಗಾಳಿಯಲ್ಲಿ ತೇಲುತ್ತಿದ್ದವು. ಅವನು ನೆಲದ ಮೇಲೆ ಅರ್ಧ ತುಂಬಿದ ಗಾದಿಯ ಮೇಲೆ ಕೂತು ಗೇಣುದ್ದದ ಸೂಜಿಯಿಂದ ಹೊಲಿಗೆ ಹಾಕುತ್ತಿದ್ದವನು, ಅವಳನ್ನು ಕಂಡೊಡನೆ ಎದ್ದೇ ಬಿಟ್ಟ. ಗಡ್ಡಕ್ಕೂ ಹುಬ್ಬಿಗೂ ಹತ್ತಿ ಹತ್ತಿಕೊಂಡಿತ್ತು. "ಬರ್ರಿ ಡಾಕ್ಟರಮ್ಮಾ, ಬರ್ರಿ! ಶರೀಫಾ, ಯಾರು ಬಂದಾರ ನೋಡು, ಚಾ ಇಡು. ನೀವು ಬರೂದಿತ್ತಂದ್ರ ಹೇಳಿ ಕಳಸಬೇಕಿಲ್ರಿ, ಪೇಢೆ ತಗದು ಇಡ್ತಿದ್ದೆ. ಎಲ್ಲಾ ಮುಗದು ಹೋದ್ವು." ಗೋಡೆ ಗಡಿಯಾರದ ಗಾಜಿಗೆ ಸಿಕ್ಕಿಸಿದ ಕೆಂಪು ಅಂಚಿನ ಕಾರ್ಡನ್ನು ಅವನು ತೋರಿಸಿದ. ಅವಳ ಚೆಂದದ ಅಕ್ಷರ ಬಾಗಿಲಿನಿಂದಲೇ ಓದುವಂತಿತ್ತು. "ಮಗ ಮುಷರಫ ಹೈದರಾಬಾದಿನಾಗ ಲಾರಿ ನಡಸ್ತಾನ. ಇದರ ಫೋಟೋ ತಗದು ಕಳಸಿದ್ವಿ. ಅವ ಖುಷಿಗೆ ಅತ್ತ ಬಿಟ್ಟ ನೋಡ್ರಿ. ನಾ ಅವನಿಗಿ ಬಾಯ್ಬಿಟ್ಟು ನಗೂದೇ ಕಡಿಮಿ ನೋಡೀನಿ, ಅಳೂದು ದೂರ ಉಳೀತು."

ಒಳಬಾಗಿಲಿಗೆ ಅದೇ ಹಸಿರು ಪರದೆ. ಅದನ್ನು ಒಂದು ಕೈಯಿಂದ ಸರಿಸಿ ಶರೀಫಾಬೀ ಹೊರಗೆ ಬಂದಳು, ಹೊಸ್ತಿಲಲ್ಲೇ ನಿಂತಳು. ಮಲ್ಲೇಶ್ವರಿಯ ಮಡಿಲಿನ ಪೆಟ್ಟಿಗೆ ನೋಡಿದಳು. ಆಮೇಲೆ ಅವಳ ಕಣ್ಣು ನೋಡಿದಳು. ಆ ಒಂದು ನೋಟದಲ್ಲಿ ಇಬ್ಬರಿಗೂ ತಿಳಿಯಿತು: ಇವಳು ಯಾಕೆ ಬಂದಿದ್ದಾಳೆ ಎಂದು ಶರೀಫಾಬೀಗೆ, ಅದು ಅವಳಿಗೆ ಗೊತ್ತಾಯಿತು ಎಂದು ಮಲ್ಲೇಶ್ವರಿಗೆ.

"ಹ್ಯಾಂಗಿದ್ದಾಳ್ರಿ ಉಮೆಸಲ್ಮಾ?"

"ಬೆಳಗಿಂದ ಸಣ್ಣಗ ಬ್ಯಾನಿ ಸುರು ಆಗ್ಯಾವ," ಎಂದ ನಸೀರುದ್ದೀನ, ದನಿ ತಗ್ಗಿಸಿ. "ಸಂಜಿಗಿ ದಾಯಿ ಬರ್ತಾಳ. ಏನ ಚಿಂತಿಲ್ಲ."

ಪರದೆಯ ಹಿಂದೆ ಯಾರೋ ನಿಧಾನವಾಗಿ ಉಸಿರು ಬಿಡುವ ಸದ್ದು. ನಾಲ್ಕು ಹೆಜ್ಜೆ ನಡೆದು ಬಂದವರು ಬಿಡುವ ಉಸಿರಲ್ಲ, ಗುಡ್ಡ ಹತ್ತಿ ಬಂದವರದು. ಮಲ್ಲೇಶ್ವರಿ ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತನ್ನು ಬಿಚ್ಚಿದಳು. "ಚಾಚಾ, ನಮ್ಮ ಮಶೀನ್ ಒಂದು ತಪ್ಪಾಗ್ಯದ್ರಿ. ಆ ಹನ್ನೆರಡು ಖರೇ ಇರಲಿಕ್ಕಿಲ್ಲ. ಇನ್ನೊಂದ್ಸಲ ನೋಡ್ಬೇಕು. ಈ ಸಲ ಬರೇ ಬೆರಳು. ಕಡಿಮಿ ಬಂದ್ರ ಈಗಿಂದೀಗ ಗಾಡಿ ಮಾಡಿಸಿ ಯಾದಗಿರಿಗೆ ಒಯ್ಯೋಣ್ರಿ."

ನಸೀರುದ್ದೀನ ಸೂಜಿಯನ್ನು ಗಾದಿಗೆ ಚುಚ್ಚಿಟ್ಟ. ನಗು ಮುಖದಲ್ಲೇ ಇತ್ತು, ಇಟ್ಟು ಮರೆತಂತೆ. "ಯಾವ ಮಶೀನ್ ತಪ್ಪಾತು ಡಾಕ್ಟರಮ್ಮಾ? ಮೊದಲನೇ ಸಲದ್ದೋ, ಎರಡನೇ ಸಲದ್ದೋ? ಏಳು ಅಂದ್ರಿ, ನಂಬಿದ್ವಿ. ಒಂದು ವಾರ ಈ ಮನ್ಯಾಗ ಯಾರೂ ಹೊಟ್ಟಿ ತುಂಬಾ ಉಂಡಿಲ್ಲ. ಈಗ ಹನ್ನೆರಡು ಅಂದ್ರಿ, ಅದನ್ನ ನಂಬಬ್ಯಾಡ ಅಂತೀರಿ. ದುಃಖ ಆದ್ರ ಖರೇ, ಖುಷಿ ಆದ್ರ ಮಶೀನ್ ತಪ್ಪೇನ್ರಿ?"

ಸೆಮಿನಾರಿನಲ್ಲಿ ಯಾರೂ ಇಷ್ಟು ನೇರವಾಗಿ ಕೇಳಿರಲಿಲ್ಲ. ಅಷ್ಟರಲ್ಲಿ ಯಾರೋ ತಲೆದಿಂಬಿನ ಹತ್ತಿ ಬದಲಿಸಲು ಬಂದು ಬೀದಿಯಿಂದಲೇ ಕೂಗಿದರು. ಅವನು ಎದ್ದು ಹೊರಗೆ ಮೆಟ್ಟಿಲ ಮೇಲೆ ಹೋಗಿ ನಿಂತ. ಶರೀಫಾಬೀ ಎರಡು ಹೆಜ್ಜೆಯಲ್ಲಿ ಹತ್ತಿರ ಬಂದು ಕೂತಳು. ಅವಳ ಮೈಯಿಂದ ರೊಟ್ಟಿಯ ಹಿಟ್ಟಿನ ವಾಸನೆ ಬರುತ್ತಿತ್ತು.

"ಮೂರು ಸಲ ಚುಚ್ಚಿದ್ರಿ ನೀವು," ಎಂದಳು ಪಿಸುದನಿಯಲ್ಲಿ. ಬೈಯುವಂತಿರಲಿಲ್ಲ, ಲೆಕ್ಕ ಒಪ್ಪಿಸುವಂತೆಯೂ ಇರಲಿಲ್ಲ. "ಎಂಟು ದಿನ ಕೈ ಎತ್ತಿ ತುತ್ತು ತಿನ್ನಾಕ ಆಗಲಿಲ್ಲ ಆಕಿಗಿ. ನಾನೇ ತಿನಸೀನಿ. ಮತ್ತ ನೀವು ಬರ್ತೀರಿ ಅಂದಾಗ ಒಳಗ ಹೋಗಿ ಮೂಲಿ ಹಿಡದು ಕುಂತಳು. ಒಲ್ಲೆ ಅನ್ನೂ ಹುಡುಗಿ ಅಲ್ಲ ಅದು, ಕೈ ಚಾಚ್ತಿತ್ತು. ನನಗೇ ನೋಡಾಕ ಆಗಲಿಲ್ಲ. ನನ್ನ ಮೈಯಾಗ ಬೇಕಾದಷ್ಟು ಅದ, ಮುದುಕಿ ರಕ್ತ ಸುಮ್ನ ಬಿದ್ದದ, ಅದನ್ನ ಒಯ್ಯಲಿ ಅಂದೆ. ನೀವು ರಕ್ತ ಬೇಕು ಅಂದ್ರಿ, ಕೊಟ್ಟೆ. ಅದರ ಮ್ಯಾಲ ಚೀಟಿ ಬರ್ತದ, ಚೀಟಿ ನೋಡಿ ದವಾಖಾನಿ ಬಿಡ್ತಾರ ಅಂತ ನನಗ್ಯಾರು ಹೇಳಿದ್ರು?"

"ನೀವು ಅವತ್ತೇ ಚಾಚಾಗ ಹೇಳಬೇಕಿತ್ತಮ್ಮಾ."

"ನೀವು ಅವತ್ತೇ ಹೇಳಬೇಕಿತ್ತು," ಎಂದಳು ಶರೀಫಾಬೀ. "ನನ್ನ ಕೈ ನೋಡಿದ್ರಿ ನೀವು. ಪರದೆ ಸಂದಿಯಿಂದ ನಾ ನಿಮ್ಮ ಮುಖಾನೇ ನೋಡಾಕತ್ತಿದ್ದೆ. ಈಗ ಬೈತಾಳ, ಈಗ ಬೈತಾಳ ಅಂತ. ನೀವು ತಲಿ ಬಗ್ಗಿಸಿ ಬರ್ಕೊಂಡ್ರಿ. ಓದಿದಾಕಿ, ಆಕಿನೇ ಸುಮ್ನದಾಳಂದ್ರ ನಡೀತದ ಬಿಡು ಅಂದ್ಕೊಂಡೆ."

ಅಂದರೆ ಅವತ್ತು ಅವಳೊಬ್ಬಳೇ ನೋಡಿದ್ದಲ್ಲ, ಅವಳನ್ನೂ ಯಾರೋ ನೋಡುತ್ತಿದ್ದರು. ತೆರೆದ ಬಾಯಿ, ಮುಚ್ಚಿದ ಬಾಯಿ, ಎರಡನ್ನೂ. ಈ ಹದಿನೈದು ದಿನ ಅವಳು ಆ ನೋಟವನ್ನು ತನ್ನೊಳಗೆ ಬೀಗ ಹಾಕಿ ಇಟ್ಟುಕೊಂಡಿದ್ದೇನೆ ಎಂದುಕೊಂಡಿದ್ದಳು. ಬೀಗದ ಕೈ ಇಲ್ಲಿ, ಈ ಹೆಂಗಸಿನ ಸೆರಗಿನ ಗಂಟಿನಲ್ಲಿತ್ತು.

"ಮಶೀನ್ ಸುಳ್ಳು ಅಂತನೇ ಹೇಳ್ರಿ ಮ್ಯಾಡಮ್. ಇನ್ನೊಂದ್ಸಲ ಜೋರು ಮಾಡಿ ಹೇಳ್ರಿ. ನನ್ನ ಹೆಸರು ಬ್ಯಾಡ. ಸೊಸಿ ಜೀವದ ಜೊತಿ ಆಟ ಆಡಿದಳು ಅಂತಾರ. ನಲವತ್ತು ವರ್ಷ ಈ ಮನ್ಯಾಗ ಯಾರಿಂದಾನೂ ಒಂದು ಮಾತು ಅನಿಸ್ಕೊಂಡಿಲ್ಲ ನಾನು."

ನಸೀರುದ್ದೀನ ಒಳಗೆ ಬಂದ. ಶರೀಫಾಬೀ ಎದ್ದು ಟೀ ತಂದಿಟ್ಟಳು. ಬಟ್ಟಲು ಸಾಸರಿನ ಮೇಲೆ ಕಿಣಿಕಿಣಿ ಎಂದಿತು. "ಡಾಕ್ಟರಮ್ಮಾ, ತಪ್ಪು ತಿಳಕೋಬ್ಯಾಡ್ರಿ," ಎಂದು ಅವನು ಗಾದಿಯ ಮೇಲೆ ಕೂತ. "ದಾಯಿ ನಿನ್ನಿ ಬಂದು ಹೊಟ್ಟಿ ಮುಟ್ಟಿ ನೋಡ್ಯಾಳ. ಎಲ್ಲಾ ಚೊಲೋ ಅದ ಅಂದಾಳ. ಬ್ಯಾನಿ ತಿನ್ನೂ ಹುಡುಗೀನ್ನ ಆ ರಸ್ತೆದಾಗ ಕುಣಿಸ್ಕೊಂಡು ಒಯ್ಯೂದು ಬ್ಯಾಡ. ಚುಚ್ಚೂದು ಸಾಕು. ಚಾ ಕುಡೀರಿ." ಸೂಜಿ ಕಿತ್ತು ದಾರ ಪೋಣಿಸತೊಡಗಿದ. ದಾರದ ತುದಿ ಸೂಜಿಯ ಕಣ್ಣಿಗೆ ಹೋಗಲಿಲ್ಲ, ಬಾಯಲ್ಲಿಟ್ಟು ಒದ್ದೆ ಮಾಡಿಕೊಂಡ.

ಮಶೀನ್ ಎಂದು ಇನ್ನೊಮ್ಮೆ ಹೇಳಬಹುದಿತ್ತು. ಹೇಳಿ, ಅವನು ಒಲ್ಲೆ ಎಂದರೆ ಎದ್ದು, ನನ್ನ ಕೆಲಸ ನಾನು ಮಾಡಿದೆ ಎಂದು ನಾಲ್ಕರ ಬಸ್ಸು ಹತ್ತಬಹುದಿತ್ತು. ಸಂಜೆ ಐದಕ್ಕೆ ಸರ್‌ಗೆ ಜೋಡಿಗಳ ಪಟ್ಟಿ ಕಳಿಸಬೇಕಿತ್ತು. ಮೂವತ್ತೊಂಬತ್ತೋ ನಲವತ್ತೋ. ಗಡಿಯಾರದ ಲೋಲಕ ಕಾರ್ಡಿನ ಕೆಳಗೆ ಆ ಕಡೆ ಈ ಕಡೆ ಹೋಗುತ್ತಿತ್ತು. ಪರದೆಯ ಹಿಂದೆ ಉಸಿರು ತಡೆದು, ಹಲ್ಲು ಕಚ್ಚಿ, ಮತ್ತೆ ಬಿಟ್ಟ ಸದ್ದು. ಅಮ್ಮಾ ಎಂದೂ ಅನ್ನಲಿಲ್ಲ ಆ ಹುಡುಗಿ. ಒಲ್ಲೆ ಅನ್ನುವ ಹುಡುಗಿ ಅಲ್ಲ ಅದು.

"ಮಶೀನ್ ತಪ್ಪಿಲ್ರಿ ಚಾಚಾ," ಎಂದಳು ಮಲ್ಲೇಶ್ವರಿ. "ನಾ ಸುಳ್ಳು ಹೇಳಿದೆ. ಎರಡನೇ ಸಲ ಬಂದಾಗ ಪರದೆಯಿಂದ ಹೊರಗ ಬಂದ ಕೈ ಉಮೆಸಲ್ಮಾಂದು ಅಲ್ಲ. ನಾ ಅವತ್ತೇ ನೋಡಿದ್ದೆ. ನೋಡಿ ಸುಮ್ಮನ ಆಕಿ ಹೆಸರಿನ್ಯಾಗ ಬರ್ಕೊಂಡೆ. ಆ ಹನ್ನೆರಡು ಆಕಿದಲ್ಲ. ಆಕಿದು ನಮಗ ಗೊತ್ತಿರೂದು ಏಳೇ, ಇಂಜೆಕ್ಷನ್ನಿಂದ ಏರ್ಯದೋ ಇಲ್ಲೋ ಗೊತ್ತಿಲ್ಲ. ಈಗ ಇನ್ನೂ ಕಡಿಮಿ ಇದ್ರೂ ಇರಬಹುದು."

ಸೂಜಿ ಅವನ ಬೆರಳುಗಳ ನಡುವೆ ನಿಂತಿತು. ಯಾರ ಕೈ ಎಂದು ಅವನು ಕೇಳಲಿಲ್ಲ. ಆ ಮನೆಯಲ್ಲಿ ಇದ್ದದ್ದೇ ಇಬ್ಬರು ಹೆಂಗಸರು. ಅವನು ತಲೆಯೆತ್ತಿ ಹೆಂಡತಿಯ ಕಡೆ ನೋಡಿದ, ಮುಖ ಅಲ್ಲ, ಕೈ. ಶರೀಫಾಬೀ ಸೆರಗನ್ನು ಎಳೆದು ಮಣಿಕಟ್ಟು ಮುಚ್ಚಿಕೊಂಡಳು.

"ಶರೀಫಾ?"

"ಚಾ ಆರಾಕತ್ತದ ಮ್ಯಾಡಮ್," ಎಂದಳು ಶರೀಫಾಬೀ, ಗೋಡೆಯ ಕಡೆ ನೋಡುತ್ತ.

ನಸೀರುದ್ದೀನ ಎದ್ದ. ಗಡಿಯಾರದ ಬಳಿ ಹೋಗಿ ಗಾಜಿನಿಂದ ಕಾರ್ಡು ತೆಗೆದ. ಹರಿಯುತ್ತಾನೆ ಎಂದು ಅವಳು ಕಾದಳು. ಹರಿಯಲಿಲ್ಲ. ಹಿಂದೆ ಮುಂದೆ ತಿರುಗಿಸಿ ನೋಡಿ, ಅಂಗಿಯ ಜೇಬಿನಲ್ಲಿಟ್ಟುಕೊಂಡು, ಬೀದಿಯ ಕಡೆ ಮುಖ ಮಾಡಿ ಬಾಗಿಲಲ್ಲಿ ನಿಂತ. ಅವನ ಬೆನ್ನ ಮೇಲೆಲ್ಲ ಹತ್ತಿ. ಹೋಗು ಎನ್ನುತ್ತಿದ್ದಾನೋ, ಗಾಡಿ ಹುಡುಕುತ್ತಿದ್ದಾನೋ, ಅಳುತ್ತಿದ್ದಾನೋ, ಬೆನ್ನು ನೋಡಿ ಹೇಳಲು ಬರುವಂತಿರಲಿಲ್ಲ.

ಮಲ್ಲೇಶ್ವರಿ ಪೆಟ್ಟಿಗೆ ಎತ್ತಿಕೊಂಡು ಪರದೆಯ ಮುಂದೆ ಹೋಗಿ ನೆಲದ ಮೇಲೆ ಕೂತಳು. ಸರಿಸಿ ಒಳಗೆ ಹೋಗಬಹುದಿತ್ತು, ಅವಳೂ ಹೆಣ್ಣೇ. ಆದರೆ ಒಮ್ಮೆ ಹಾಗೆ ಹೋಗಿ ಮಾಡಿದ್ದು ನೆನಪಿತ್ತು. ಈ ಸಲ ಕೈ ಆ ಕಡೆಯಿಂದ ತಾನಾಗಿಯೇ ಬರಬೇಕು. ಪರದೆ ನೆಲಕ್ಕೆ ತಾಗುತ್ತಿರಲಿಲ್ಲ. ಕೆಳಗಿನ ನಾಲ್ಕು ಬೆರಳ ಸಂದಿಯಲ್ಲಿ ಎರಡು ಪಾದಗಳು ಕಾಣುತ್ತಿದ್ದವು, ಹತ್ತಿರ, ಅವಳು ಉಸಿರು ಬಿಟ್ಟರೆ ತಾಗುವಷ್ಟು. ಊದಿಕೊಂಡಿದ್ದವು. ಉಗುರುಗಳಲ್ಲಿ ಬಣ್ಣವೇ ಇರಲಿಲ್ಲ, ತೊಳೆದಿಟ್ಟ ಅಕ್ಕಿಕಾಳಿನಂತೆ ಬೆಳ್ಳಗಿದ್ದವು. ಅವಳು ಯಂತ್ರ ತೆಗೆದು ಮೊಣಕಾಲ ಮೇಲಿಟ್ಟಳು, ಸೂಜಿಯ ಮುಚ್ಚಳ ಬಿಚ್ಚಿದಳು.

"ಉಮೆಸಲ್ಮಾ, ತಂಗೀ, ನಾ ಮಲ್ಲೇಶ್ವರಿ. ಕೈ ಒಂದು ಹೊರಗ ಚಾಚು."

ಪರದೆ ಅಲುಗಲಿಲ್ಲ. ಪಾದಗಳು ಮುಂದೂ ಬರಲಿಲ್ಲ, ಹಿಂದೂ ಹೋಗಲಿಲ್ಲ. ಬೆನ್ನ ಹಿಂದೆ ಗಡಿಯಾರ ಟಿಕ್‌ಗುಟ್ಟುತ್ತಿತ್ತು, ಟೀ ಬಟ್ಟಲಿನ ಮೇಲೆ ಒಂದು ಎಳೆ ಹತ್ತಿ ಬಂದು ಕೂತಿತ್ತು. ಅವಳು ತನ್ನ ಅಂಗೈಯನ್ನು ಮೇಲೆ ಮಾಡಿ ಪರದೆಯ ಅಂಚಿನ ಕೆಳಗೆ, ಆ ಸಂದಿಯಲ್ಲಿ, ಒಳಗಿದ್ದವಳಿಗೆ ಕಾಣುವಂತೆ ಇಟ್ಟಳು.

"ಬೆರಳು ಸಾಕು. ಒಂದ ಬೆರಳು ಕೊಡವ್ವಾ."